ಹಳೆಯ ಸಂಗೀತದ ಹಾಳೆಗಳು ಯಾರ ಸೊತ್ತು?

ಶಾಲೆಯ ಉತ್ಸವಕ್ಕೆಂದು ಹ್ಯಾಂಡೆಲನ ‘ಮೆಸ್ಸೀಯ’ದೊಳಗಿನ ‘ಹಲ್ಲೆಲೂಯ’ ಗೀತವನ್ನು ಕಲಿಸಲು ನಿಶ್ಚಯಿಸಿ, ಅದರ ಸ್ವರಲಿಪಿಯನ್ನು ನಾವು ಅಂತರ್ಜಾಲದಿಂದ ಇಳಿಸಿಕೊಂಡೆವು. ಹಾಳೆಯ ಅಡಿಯಲ್ಲಿ ಹಕ್ಕುಗಳನ್ನು ಕಾದಿರಿಸಿದೆ ಎಂಬ ಸಾಲನ್ನು ಕಂಡು ಹುಡುಗಿಯೊಬ್ಬಳು, “ಟೀಚರ್, ಹ್ಯಾಂಡೆಲನು ತೀರಿಹೋದುದು 1759ರಲ್ಲಲ್ಲವೇ? ಈಗ ಯಾರ ಅಪ್ಪಣೆ ಬೇಕು?” ಎಂದು ಕೇಳಿದಳು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ತರುವಾಯ ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ಗ್ರಂಥಸ್ವಾಮ್ಯವು ಶಾಶ್ವತವಾದುದಲ್ಲ. ನಮ್ಮ ದೇಶದ 1957ರ ಶಾಸನದ ಪ್ರಕಾರ ಅದು ಕರ್ತೃವಿನ ಜೀವಮಾನವೂ ಆತನು ತೀರಿದ ಮೇಲೆ 60 ವರುಷಗಳೂ ಇರುತ್ತದೆ. ಮೊದಲು 50 ಇದ್ದುದನ್ನು, 1941ರಲ್ಲಿ ಅಗಲಿದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಸರಿಯಾಗಿ 60ಕ್ಕೆ ಏರಿಸಿದರು! ಯುರೋಪಿನ ಒಕ್ಕೂಟದ ದೇಶಗಳಲ್ಲಿ ಈ ಅವಧಿಯು 70 ವರುಷ. ಹೇಗೆ ಎಣಿಸಿದರೂ ಬಾಖ್, ಹ್ಯಾಂಡೆಲ್, ಬೇಥೋವನ್ ಮೊದಲಾದವರ ರಚನೆಗಳು ಸರ್ವರ ಸೊತ್ತೇ ಸರಿ.

ತೊಡಕು ಹುಟ್ಟುವುದು ಇತ್ತೀಚಿನವರ ವಿಷಯದಲ್ಲಿ. ಕೆನಡಾ ದೇಶದ ಎಡ್ವರ್ಡ್ ಗುವೋ ಎಂಬ ತರುಣ ವಿದ್ಯಾರ್ಥಿಯು 2006ರಲ್ಲಿ ಐ.ಎಂ.ಎಸ್.ಎಲ್.ಪಿ. ಎಂಬ ಅಂತರ್ಜಾಲ ಭಂಡಾರವನ್ನು ತೆರೆದು, ಹಳೆಯ ಸ್ವರಲಿಪಿಗಳು ಯಾರಿಗೂ ಬಿಟ್ಟಿಯಾಗಿ ದೊರೆಯುವಂತೆ ಮಾಡಿದನು. ಮರುವರುಷದ ಅಕ್ಟೋಬರ್ ತಿಂಗಳಲ್ಲಿ ವಿಯೆನ್ನಾ ನಗರದ ಯುನಿವರ್ಸಲ್ ಎಡಿಷನ್ ಎಂಬ ಪ್ರಕಾಶಕರಿಂದ ವಕೀಲರ ಪತ್ರ ಬಂತು. ಬಾರ್ಟೋಕನು ತೀರಿದುದು 1945ರಲ್ಲಿ. ಆಗಿನ ಕೆನಡಾದ 50 ವರುಷಗಳ ಲೆಕ್ಕದಲ್ಲಿ ಅವನ ಕೃತಿಗಳು 1995ರ ಕೊನೆಗೇ ಮುಕ್ತ. ಆಸ್ಟ್ರಿಯಾದಲ್ಲಿ ಮಾತ್ರ 2015ರ ಕೊನೆಯ ವರೆಗೆ ಬಂಧನ. ಹಾಳೆಯು ಇರುವುದು ಒಂದು ದೇಶದಲ್ಲಿ, ಇಳಿಸಿಕೊಳ್ಳುವವನು ಇರುವುದು ಇನ್ನೊಂದರಲ್ಲಿ. ವ್ಯಾಜ್ಯಕ್ಕೆ ಹಣವಿಲ್ಲದ ಆ ವಿದ್ಯಾರ್ಥಿಯು ಭಂಡಾರವನ್ನೇ ಮುಚ್ಚಿದನು. 2008ರ ಜೂನ್ ಅಂತ್ಯದಲ್ಲಿ ಅದು ಮತ್ತೆ ತೆರೆಯಿತು. ಕೆನಡಾ ದೇಶವೂ 2022ರ ಕೊನೆಯಲ್ಲಿ ಅವಧಿಯನ್ನು 70 ವರುಷಕ್ಕೆ ಏರಿಸಿತಾದರೂ, ಅದಾಗಲೇ ಮುಕ್ತವಾಗಿದ್ದವನ್ನು ಮತ್ತೆ ಕಟ್ಟಿಹಾಕಲಿಲ್ಲ.

ಇದಕ್ಕಿಂತಲೂ ಹೆಚ್ಚಾಗಿ ನಾವು ಎಡವುವುದು ಸಂಪಾದಕನ ಹಕ್ಕಿನಲ್ಲಿ. ಫ್ರಾನ್ಸಿನ ಲಲಾಂಡ್ ಎಂಬ ಸಂಗೀತಕಾರನು 1726ರಲ್ಲೇ ತೀರಿದವನು. ಅವನ ಹಳೆಯ ಪ್ರತಿಗಳನ್ನು ಲಯೊನೆಲ್ ಸಾಕಿನ್ಸ್ ಎಂಬ ವಿದ್ವಾಂಸರು ಶೋಧಿಸಿ, ತಪ್ಪುಗಳನ್ನು ತಿದ್ದಿ, ಕೊರತೆಗಳನ್ನು ತುಂಬಿ, ಇಂದಿನವರು ಹಾಡಿ ನುಡಿಸುವಂತೆ ಅಣಿಗೊಳಿಸಿದರು. ಹೈಪೀರಿಯನ್ ಎಂಬ ಧ್ವನಿಮುದ್ರಣ ಸಂಸ್ಥೆಯು ಅವನ್ನು ಬಳಸಿಕೊಂಡು, ಇದರಲ್ಲಿ ಸಂಪಾದಕರಿಗೆ ಗ್ರಂಥಸ್ವಾಮ್ಯವಿಲ್ಲವೆಂದು ವಾದಿಸಿತು. 2005ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ವಿದ್ವಾಂಸರ ಪಕ್ಷವನ್ನೇ ಎತ್ತಿಹಿಡಿಯಿತು. ತೀರ್ಪು ನ್ಯಾಯವಾದುದೆಂದೇ ನಮ್ಮ ಎಣಿಕೆ. ಆ ದುಡಿಮೆಯಿಲ್ಲದೆ ಹಾಡುವವರ ಕೈಗೆ ಬರುವುದು ಬರಿಯ ತೊಡಕಿನ ಪ್ರತಿಯಷ್ಟೆ. ಆದರೆ 1851ರಿಂದ 1899ರ ವರೆಗೆ ಜರ್ಮನಿಯಲ್ಲಿ ಅಚ್ಚಾದ ಬಾಖನ ಸಮಗ್ರ ಕೃತಿಸಂಪುಟಗಳನ್ನು ಯಾರೂ ನಿಶ್ಚಿಂತೆಯಿಂದ ಪ್ರತಿಮಾಡಬಹುದು. ಅವುಗಳ ಸಂಪಾದಕರೂ ಗತಿಸಿ ಬಹುಕಾಲವಾಯಿತು.

ಗೀತಕ್ಕೆ ಕನ್ನಡದ ಮಾತುಗಳನ್ನು ಕೂಡಿಸಿದ ಭಾಷಾಂತರಕಾರರಿಗೂ ಹೀಗೆಯೇ ತಮ್ಮದೇ ಆದ ಹಕ್ಕುಂಟು. ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರು ಮುಂತಾದವರಷ್ಟೇ ಸೇರಿದ ಸಭೆಯಲ್ಲಿ ಶಾಲೆಯವರು ಹಾಡಲು ನಮ್ಮ ಶಾಸನವು ವಿನಾಯಿತಿಯನ್ನು ಕೊಟ್ಟಿದೆ. ಹಾಗೆಂದು ಹಾಳೆಗಳನ್ನು ಅಂತರ್ಜಾಲದಲ್ಲಿ ಊರಿಗೆಲ್ಲ ಹಂಚುವುದು ಆ ವಿನಾಯಿತಿಯೊಳಗೆ ಬಾರದು.

ಇನ್ನು ನಮ್ಮ ಹಾಳೆಯ ಸಂಗತಿ. ಹ್ಯಾಂಡೆಲನು ಆ ಗೀತವನ್ನು ರಚಿಸಿದುದು ಗಂಡು ಹೆಣ್ಣು ಸೇರಿದ ನಾಲ್ಕು ಕಂಠಗಳಿಗೆ. ಮತ್ತೊಮ್ಮೆ ನೋಡಿದಾಗ, ಹುಡುಗಿಯರ ಮೂರು ಕಂಠಗಳಿಗೆ ಅದನ್ನು ಹೊಂದಿಸಿದವರ ಹೆಸರು ಸಣ್ಣ ಅಕ್ಷರಗಳಲ್ಲಿ ಕಾಣಿಸಿತು. ಅವರು ಇನ್ನೂ ಬದುಕಿರುವವರು. ಪ್ರಕಾಶಕರಿಗೆ ಬರೆದು, ವೃಂದಕ್ಕೆ ಬೇಕಾದಷ್ಟು ಪ್ರತಿಗಳನ್ನು ಕ್ರಯಕ್ಕೆ ತರಿಸಿಕೊಂಡೆವು. ಪ್ರಶ್ನೆ ಕೇಳಿದವಳೇ ಅವನ್ನು ಎಣಿಸಿ ಕಪಾಟಿನಲ್ಲಿಟ್ಟಳು.