ಕಂಠ ಯಾರದು? – ‘ಪಡೋಸನ್’ ಚಿತ್ರ ಮತ್ತು ಧಾರವಾಡ ಸೀಮೆಯ ಸವಾಲ್–ಜವಾಬ್ ಪರಂಪರೆ

ಜನಪದ ಕಲೆಗಳನ್ನು ಕುರಿತ ನಮ್ಮ ಬರವಣಿಗೆಯಲ್ಲಿ ಸಿನಿಮಾ ಸಾಮಾನ್ಯವಾಗಿ ಪ್ರತಿವಾದಿಯ ಸ್ಥಾನದಲ್ಲಿಯೇ ನಿಲ್ಲುತ್ತದೆ. ಬಯಲಾಟದ ಪ್ರೇಕ್ಷಕರನ್ನು ಟೂರಿಂಗ್ ಟಾಕೀಸು ಸೆಳೆದುಕೊಂಡಿತು, ಗೀಗೀ ಮೇಳದ ಧಾಟಿಯನ್ನು ಚಿತ್ರಗೀತೆ ಕೆಡಿಸಿತು ಎಂಬ ಮಾತುಗಳು ಪದೇ ಪದೇ ಬರುತ್ತವೆ. ಅವುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಜನಪ್ರಿಯ ಚಿತ್ರವೊಂದು ತನ್ನ ಹಾಸ್ಯವನ್ನು ಯಾವ ನಂಬಿಕೆಯ ಮೇಲೆ ಕಟ್ಟಿಕೊಂಡಿದೆ ಎಂಬುದನ್ನು ಜನಪದ ರಂಗಭೂಮಿಯ ಕಡೆಯಿಂದ ನೋಡಿದಾಗ ಬೇರೆಯೇ ಪ್ರಶ್ನೆಗಳು ಏಳುತ್ತವೆ. ಪ್ರಸ್ತುತ ಲೇಖನದಲ್ಲಿ 1968ರ ಹಿಂದಿ ಚಿತ್ರ ‘ಪಡೋಸನ್’ ಅನ್ನು ಹುಬ್ಬಳ್ಳಿ–ಧಾರವಾಡ ಸೀಮೆಯ ಹಾಡುಗಾರಿಕೆಯ ಪಕ್ಕದಲ್ಲಿಟ್ಟು ನೋಡಲಾಗಿದೆ. 1956ರವರೆಗೆ ಮುಂಬಯಿ ರಾಜ್ಯದ ಆಡಳಿತಕ್ಕೆ ಸೇರಿದ್ದ ಈ ಸೀಮೆಗೆ ಮರಾಠಿ ನಾಟಕವಾಗಲಿ, ಹಿಂದಿ ಚಿತ್ರಸಂಗೀತವಾಗಲಿ ಪರಕೀಯವಾಗಿರಲಿಲ್ಲ.

ಜ್ಯೋತಿ ಸ್ವರೂಪ್ ನಿರ್ದೇಶನದ, ಆರ್.ಡಿ. ಬರ್ಮನ್ ಸಂಗೀತದ, ಮೆಹಮೂದ್ ಮತ್ತು ಎನ್.ಸಿ. ಸಿಪ್ಪಿ ನಿರ್ಮಾಣದ ಈ ಚಿತ್ರದ ಕಥೆ ಸರಳವಾದುದು. ಭೋಲಾ (ಸುನಿಲ್ ದತ್) ಪಕ್ಕದ ಮನೆಯ ಬಿಂದುವನ್ನು (ಸಾಯಿರಾ ಬಾನು) ಮೆಚ್ಚುತ್ತಾನೆ. ಆಕೆಗೆ ಸಂಗೀತವೆಂದರೆ ಪ್ರಾಣ. ಅವನಿಗೋ ಹಾಡಲು ಬಾರದು. ಆಕೆಯ ಸಂಗೀತದ ಮೇಷ್ಟ್ರು ಮಾಸ್ಟರ್ ಪಿಳ್ಳೆಗೂ (ಮೆಹಮೂದ್) ಅವಳ ಮೇಲೆ ಕಣ್ಣು. ನಾಟಕ ಮಂಡಳಿ ಕಟ್ಟಿಕೊಂಡ ಗೆಳೆಯ ವಿದ್ಯಾಪತಿ (ಕಿಶೋರ್ ಕುಮಾರ್) ಒಂದು ಉಪಾಯ ಹೂಡುತ್ತಾನೆ: ಭೋಲಾ ಕಿಟಕಿಯಲ್ಲಿ ನಿಂತು ತುಟಿಯಾಡಿಸಬೇಕು, ಮರೆಯಲ್ಲಿ ಕುಳಿತು ತಾನು ಹಾಡಬೇಕು.

ಅಂದರೆ ಹಿನ್ನೆಲೆ ಗಾಯನವೆಂಬ ಚಿತ್ರೋದ್ಯಮದ ನಿತ್ಯದ ಏರ್ಪಾಡೇ ಇಲ್ಲಿ ಕಥೆಯೊಳಗಿನ ಮೋಸವಾಗಿದೆ. ಪ್ರೇಕ್ಷಕನು ಪ್ರತಿ ಚಿತ್ರದಲ್ಲಿಯೂ ಒಪ್ಪಿಕೊಂಡು ಬಂದಿದ್ದನ್ನೇ ಈ ಚಿತ್ರ ಅವನ ಮುಂದೆ ಬಿಚ್ಚಿ ತೋರಿಸಿ ನಗಿಸುತ್ತದೆ. ಭೋಲಾನದು ಕಥೆಯಲ್ಲಿಯೂ ಎರವಲು ಕಂಠ, ವಾಸ್ತವದಲ್ಲಿಯೂ ಎರವಲು ಕಂಠ. ಪಿಳ್ಳೆ ಕಥೆಯಲ್ಲಿ ನಿಜವಾದ ಗಾಯಕ. ಆದರೆ ಸ್ಪರ್ಧೆಯ ಹಾಡಿನಲ್ಲಿ ನಡುನಡುವೆ ಮೆಹಮೂದರದೇ ದನಿ ಇದ್ದರೂ ಗಾಯನದ ಭಾರವನ್ನು ಹೊತ್ತವರು ಮನ್ನಾ ಡೇ. ತನ್ನ ಹಾಡನ್ನು ಪೂರ್ತಿಯಾಗಿ ತಾನೇ ಹಾಡಿದವನು ಕಿಶೋರ್ ಕುಮಾರ್ ಒಬ್ಬನೇ, ಮತ್ತು ಅವನೇ ಬಿಂದುವಿನ ಕಣ್ಣಿಗೆ ಬೀಳದಂತೆ ಅಡಗಿರುವವನು!

ಈ ಹಾಸ್ಯ ಫಲಿಸಬೇಕಾದರೆ ಒಂದು ನಂಬಿಕೆ ಮೊದಲೇ ಇರಬೇಕು: ಕಂಠವು ಅದನ್ನು ಹೊತ್ತ ದೇಹದ ಸ್ವತ್ತು. ನಮ್ಮ ಜನಪದ ರಂಗಭೂಮಿ ಈ ನಂಬಿಕೆಯನ್ನು ಅಷ್ಟಾಗಿ ಕಟ್ಟಿಕೊಂಡಿಲ್ಲ. ಯಕ್ಷಗಾನದಲ್ಲಿ ಭಾಗವತನು ಹಾಡುತ್ತಾನೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಯಾರೂ ಅದನ್ನು ವಂಚನೆ ಎನ್ನುವುದಿಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ಪಾತ್ರಧಾರಿ ಪದವನ್ನು ಎತ್ತಿಕೊಟ್ಟರೆ ಹಿಮ್ಮೇಳ ಅದನ್ನು ಮುಂದುವರಿಸುತ್ತದೆ; ಸತ್ಯಭಾಮೆಯ ಮುನಿಸು ಒಂದು ಗಂಟಲಲ್ಲಿ ಹುಟ್ಟಿ ಮೂರು ನಾಲ್ಕು ಗಂಟಲುಗಳಲ್ಲಿ ಬೆಳೆಯುತ್ತದೆ. ಧಾರವಾಡದ ಹೆಬ್ಬಳ್ಳಿ ಅಗಸಿಯನ್ನು ದಾಟಿ ಹೆಬ್ಬಳ್ಳಿಯ ಕಡೆಗೆ ಹೊರಟರೆ ಸಿಗುವ ಹಳ್ಳಿಗಳ ಪ್ರೇಕ್ಷಕರು ಇಂಥ ಆಟಗಳಿಂದ ಕಿವಿಯನ್ನು ಪಳಗಿಸಿಕೊಂಡವರು. ಅವರ ಮಟ್ಟಿಗೆ ಮರೆಯಲ್ಲಿ ಹಾಡುವ ವಿದ್ಯಾಪತಿ ವಂಚಕನಿಗಿಂತ ಹೆಚ್ಚಾಗಿ ಹಿಮ್ಮೇಳದವನಾಗಿ ಕಂಡಾನು.

ಇದಕ್ಕೆ ಪ್ರತಿಯಾಗಿ, ಕಂಠ–ದೇಹಗಳ ಒಡೆತನವನ್ನು ಗಟ್ಟಿಗೊಳಿಸಿದ್ದು ಕಂಪನಿ ನಾಟಕ. ಅಲ್ಲಿ ನಟನೆಂದರೆ ಹಾಡುವವನು. ಕುಂದಗೋಳದ ರಾಮಭಾವು ಕುಂದಗೋಳಕರ್, ಅಂದರೆ ಸವಾಯಿ ಗಂಧರ್ವರು, ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ಹೆಸರಾದವರು. ಮಲ್ಲಿಕಾರ್ಜುನ ಮನಸೂರರು ಬಾಲನಟರಾಗಿ ನಾಟಕ ಕಂಪನಿ ಸೇರಿದವರು. ಕನ್ನಡ ಚಿತ್ರರಂಗದಲ್ಲಿ ಕಂಪನಿ ನಾಟಕದಿಂದಲೇ ಬಂದ ರಾಜ್‌ಕುಮಾರ್ ಅವರಿಗೆ ದೀರ್ಘಕಾಲ ಪಿ.ಬಿ. ಶ್ರೀನಿವಾಸ್ ಅವರ ದನಿ ಒದಗಿತು; ಶರೀರ–ಶಾರೀರ ಎಂಬ ಮಾತು ಹುಟ್ಟಿದ್ದು ಈ ಜೋಡಿಯ ಸುತ್ತ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ತಾವೇ ಹಾಡಿದಾಗ ಆ ಒಡೆತನ ಮರಳಿ ಬಂದಂತಾಯಿತು. ಆ ಚಿತ್ರಕ್ಕೆ ಆಧಾರ ಪಿ.ಬಿ. ಧುತ್ತರಗಿಯವರ ನಾಟಕ ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು ಸ್ಪರ್ಧೆಯ ಹಾಡು. ಎರಡು ಕಿಟಕಿಗಳ ನಡುವೆ ನಡೆಯುವ ಈ ಗಾನಯುದ್ಧವನ್ನು ಕಂಡಾಗ ಉತ್ತರ ಕರ್ನಾಟಕದವರಿಗೆ ಹರದೇಶಿ–ನಾಗೇಶಿ ನೆನಪಾಗದೆ ಇರದು. ಕಲ್ಗಿ–ತುರಾಯಿ ಪರಂಪರೆಗೆ ಸೇರಿದ ಈ ವಾದದಲ್ಲಿ ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ದಪ್ಪು, ತುಂತುಣಿ, ತಾಳಗಳೊಂದಿಗೆ ರಾತ್ರಿಯಿಡೀ ಹಾಡುತ್ತಾರೆ. ಒಬ್ಬರು ಪುರಾಣದಿಂದ ಒಗಟೆತ್ತಿ ಸವಾಲು ಹಾಕಿದರೆ ಇನ್ನೊಬ್ಬರು ಅದೇ ಬಿಗುವಿನಲ್ಲಿ ಜವಾಬು ಕೊಡಬೇಕು. ಮೂದಲಿಕೆ, ಅಣಕ, ಕಾಲೆಳೆಯುವಿಕೆ ಎಲ್ಲಕ್ಕೂ ಅವಕಾಶವಿದೆ. ಚಿತ್ರದಲ್ಲಿಯೂ ಹೀಗೆಯೇ. ಪಿಳ್ಳೆ ಸ್ವರಪ್ರಸ್ತಾರಕ್ಕೆ ತೊಡಗಿದರೆ ಕಿಶೋರ್ ಅದನ್ನು ಅಣಕಿಸಿ, ಧಾಟಿಯನ್ನೇ ಬದಲಿಸಿ ಓಡುತ್ತಾನೆ. ಪಿಳ್ಳೆ ಕೈತಪ್ಪಿದ ಸುರನ್ನು ಹುಡುಕುತ್ತ ಉಳಿಯುತ್ತಾನೆ.

ಆದರೆ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಹರದೇಶಿ–ನಾಗೇಶಿಯ ವಾದ ಬೆಳಗಿನ ಹೊತ್ತಿಗೆ ಸಾಮರಸ್ಯಕ್ಕೆ ಬಂದು, ಶಿವ–ಶಕ್ತಿಯರಲ್ಲಿ ಭೇದವಿಲ್ಲವೆಂಬಲ್ಲಿ ನಿಲ್ಲುತ್ತದೆ. ಸೋತವರನ್ನು ನಗೆಪಾಟಲಾಗಿಸಿ ಕಳುಹಿಸುವ ಪದ್ಧತಿಯಿಲ್ಲ. ಪಿಳ್ಳೆಗಾದರೋ ಅವಮಾನವೇ ಗತಿ. ಜುಟ್ಟು, ನಾಮ, ಲುಂಗಿ, ಎಳೆದಾಡುವ ಹಿಂದಿ ಇವುಗಳಿಂದ ಕಟ್ಟಿದ ಈ ‘ಮದರಾಸಿ’ಯ ಚಿತ್ರಣ ಅಗ್ಗದ್ದೆಂದೇ ಹೇಳಬೇಕು. ಮೆಹಮೂದರ ಪ್ರತಿಭೆ ದೊಡ್ಡದು ನಿಜ. ಆದರೆ ಅದು ಇಲ್ಲಿ ವಿಂಧ್ಯದಾಚೆಯ ಪೂರ್ವಗ್ರಹವೊಂದಕ್ಕೆ ದುಡಿದಿದೆ.

ಮನ್ನಾ ಡೇಯವರ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸಂಗತಿ ತೋರುತ್ತದೆ. 1956ರ ‘ಬಸಂತ್ ಬಹಾರ್’ ಚಿತ್ರದ ಸ್ಪರ್ಧೆಯಲ್ಲಿ ನಾಯಕನ ದನಿಯಾಗಿ ಅವರು ಗೆದ್ದದ್ದು ಸವಾಯಿ ಗಂಧರ್ವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರ ಎದುರಿಗೆ. ಅಂಥ ಗಾಯಕನನ್ನು ಸೋಲಿಸುವುದೆಂತು ಎಂದು ಮನ್ನಾ ಡೇ ಮೊದಲು ಹಿಂಜರಿದಿದ್ದರು. ಆ ಚಿತ್ರಕ್ಕೆ ಆಧಾರ ತ.ರಾ.ಸು. ಅವರ ‘ಹಂಸಗೀತೆ’. ಹನ್ನೆರಡು ವರ್ಷಗಳ ನಂತರ, ಶಾಸ್ತ್ರೀಯ ಶಿಕ್ಷಣವಿಲ್ಲದ ಕಿಶೋರ್ ಎದುರು ಸೋಲುವ ಸರದಿ ಮನ್ನಾ ಡೇಯವರದಾಯಿತು. ಮೊದಲನೆಯದರಲ್ಲಿ ಗೆಲುವು ರಾಗದೊಳಗೆ ನಿಂತು ಬಂದದ್ದು. ಎರಡನೆಯದರಲ್ಲಿ ರಾಗದಿಂದ ಹಾರಿಹೋಗಿ ಬಂದದ್ದು. ಕಿಶೋರ್ ಗೆದ್ದದ್ದು ಆಶುಕವಿಯ, ಬಯಲಿನ ಹಾಡುಗಾರನ ಚಾಲಾಕಿನಿಂದ.

ಈ ಕಥೆ ಒಂದೇ ಭಾಷೆಯದಲ್ಲ. ಅರುಣ್ ಚೌಧುರಿಯವರ ಬಂಗಾಳಿ ಕಥೆ 1952ರಲ್ಲಿ ‘ಪಾಶೇರ್ ಬಾಡಿ’, 1953ರಲ್ಲಿ ತೆಲುಗಿನ ‘ಪಕ್ಕ ಇಂಟಿ ಅಮ್ಮಾಯಿ’, 1960ರಲ್ಲಿ ತಮಿಳಿನ ‘ಅಡುತ್ತ ವೀಟ್ಟು ಪೆಣ್’ ಆಗಿ, 2004ರಲ್ಲಿ ಕನ್ನಡಕ್ಕೆ ‘ಪಕ್ಕದ್ಮನೆ ಹುಡುಗಿ’ಯಾಗಿ ಬಂದಿತು. ತೆಲುಗಿನ 1953ರ ಚಿತ್ರದಲ್ಲಿ ಎ.ಎಂ. ರಾಜಾ, 1981ರ ಮರುನಿರ್ಮಾಣದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಗಾಯಕ ಗೆಳೆಯನಾದರು. ಮರೆಯಲ್ಲಿ ಹಾಡುವವನ ಪಾತ್ರಕ್ಕೆ ನಿಜವಾದ ಗಾಯಕನೇ ಬೇಕೆಂದು ಕಥೆಯೇ ಕೇಳುವಂತಿದೆ.

ಗೆಳೆಯನ ನೆರವಿನಿಂದ ಹೆಣ್ಣನ್ನು ಒಲಿಸಿಕೊಳ್ಳುವ ಕಥೆ ನಮ್ಮಲ್ಲಿಯೂ ಉಂಟು. ಬೈಲಹೊಂಗಲದ ನಿಜಘಟನೆಯನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಅದು ದ್ರೋಹ, ಕೊಲೆಗಳಲ್ಲಿ ಮುಗಿಯುತ್ತದೆ. ‘ಪಡೋಸನ್’ ಅದನ್ನು ಮದುವೆಯಲ್ಲಿ ಮುಗಿಸುತ್ತದೆ. ಈ ಮದುವೆಯಲ್ಲಿಯೇ ತೊಡಕಿರುವುದು. ನಾಗೇಶಿ ಮೇಳದಲ್ಲಿ ಹೆಣ್ಣು ಎದುರುವಾದಿ. ಬಿಂದು ಸಂಗೀತ ಕಲಿಯುತ್ತಿದ್ದರೂ ಸ್ಪರ್ಧೆಯಲ್ಲಿ ಅವಳು ಕೇಳುಗಳು ಮತ್ತು ಪಣ ಮಾತ್ರ. ಗುಟ್ಟು ಬಯಲಾದಾಗ ಸಿಟ್ಟಿಗೆದ್ದ ಅವಳನ್ನು ಚಿತ್ರ ಭೋಲಾನ ಆತ್ಮಹತ್ಯೆಯ ನಟನೆಯಿಂದ, ಅಂದರೆ ಇನ್ನೊಂದು ಮೋಸದಿಂದ, ಒಲಿಸುತ್ತದೆ. ಅವಳು ಮೆಚ್ಚಿದ ಕಂಠ ವಿದ್ಯಾಪತಿಯದು. ಅದರ ಬಗ್ಗೆ ಅವಳ ಅಭಿಪ್ರಾಯವೇನೆಂದು ಕೊನೆಯವರೆಗೂ ಯಾರೂ ಕೇಳುವುದಿಲ್ಲ. ನಾಗೇಶಿಯ ಹಾಡುಗಾರ್ತಿಯಾಗಿದ್ದರೆ ತನ್ನ ಮೊದಲ ಸವಾಲನ್ನು ಇಲ್ಲಿಂದಲೇ ಎತ್ತುತ್ತಿದ್ದಳು.