ಮಣ್ಣಿನ ಹಲಗೆಯ ಭೂಪಟ

ವಿದ್ಯಾರ್ಥಿಗಳೇ, ಮನೆಯಿಂದ ಶಾಲೆಗೆ ಬರುವ ದಾರಿಯ ನಕಾಶೆಯನ್ನು ಬರೆದು ತರಲು ಭೂಗೋಳದ ತರಗತಿಯಲ್ಲಿ ನಿಮಗೆ ಹೇಳಿದ್ದೆನಷ್ಟೆ. ನಿಮ್ಮಲ್ಲಿ ಹೆಚ್ಚಿನವರು ಸ್ವಂತ ಮನೆಯನ್ನು ಕಾಗದದ ನಡುವೆ ದೊಡ್ಡದಾಗಿ ಬರೆದಿದ್ದಿರಿ. ದಿನವೂ ನಡೆಯುವ ಬೀದಿಗಳು ಸರಿಯಾಗಿದ್ದವು. ಒಬ್ಬ ಹುಡುಗನಂತೂ ತಾನೆಂದೂ ಕಾಣದ ತನ್ನ ಅಜ್ಜನ ಊರನ್ನು ಕಾಗದದ ಅಂಚಿನಲ್ಲಿ ಎರಡು ತೆಂಗಿನಮರಗಳೊಡನೆ ತೋರಿಸಿದ್ದನು. ಅದನ್ನು ನೋಡಿ ಕೆಲವರು ನಕ್ಕರು. ನನಗಾದರೋ ಪ್ರಾಚೀನ ಬೇಬಿಲೋನಿಯದ ಪಂಡಿತರ ನೆನಪಾಯಿತು.

ಇಂದಿನ ಇರಾಕ್ ದೇಶದಲ್ಲಿ ಯುಫ್ರೇಟಿಸ್ ಮತ್ತು ಟೈಗ್ರಿಸ್ ನದಿಗಳು ಹರಿಯುತ್ತವೆ. ಆ ನದಿಗಳ ಬಯಲಿನಲ್ಲಿ ಕಲ್ಲು ವಿರಳ, ಜೇಡಿಮಣ್ಣು ಹೇರಳ. ಅಲ್ಲಿನ ಲಿಪಿಕಾರರು ಹಸಿಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿಯನ್ನು ಒತ್ತಿ ಬೆಣೆಯಾಕಾರದ ಅಕ್ಷರಗಳನ್ನು ಬರೆಯುತ್ತಿದ್ದರು. ಒಣಗಿದ ಆ ಹಲಗೆಗಳು ಸಹಸ್ರಾರು ವರ್ಷ ನೆಲದಲ್ಲಿ ಹುದುಗಿದ್ದರೂ ಉಳಿದುಬಂದಿವೆ.

ಇರಾಕಿನ ಕಿರ್ಕುಕ್ ನಗರದ ಬಳಿ 1930-31ರಲ್ಲಿ ಅಂಗೈಯಗಲದ ಒಂದು ಹಲಗೆ ದೊರೆಯಿತು. ಅದು ಕ್ರಿ. ಪೂ. 2300ರ ಸುಮಾರಿನದು. ಬೆಟ್ಟಗಳ ಸಾಲು, ನೀರಿನ ಹರಿವು, ನಡುವೆ ಒಂದು ಹೊಲ, ಆ ಹೊಲದ ಅಳತೆ, ಒಡೆಯನ ಹೆಸರು, ದಿಕ್ಕುಗಳ ಹೆಸರು, ಇವೆಲ್ಲವೂ ಅದರಲ್ಲಿವೆ. ನಿಪ್ಪೂರ್ ನಗರದ ಇನ್ನೊಂದು ನಕಾಶೆ ಅದಕ್ಕಿಂತ ಸುಮಾರು 800 ವರ್ಷಗಳಷ್ಟಾದರೂ ಈಚಿನದು. ಎನ್ಲಿಲ್ ದೇವನ ಗುಡಿ, ಕಾಲುವೆ, ಕೋಟೆಯ ಗೋಡೆ, ಹೆಬ್ಬಾಗಿಲುಗಳ ಹೆಸರು ಅದರಲ್ಲಿ ಕಾಣುತ್ತವೆ. ಕೆಲವೆಡೆ ಅಳತೆಯನ್ನೂ ಬರೆದಿದೆ. ಉತ್ಖನನದಲ್ಲಿ ಕಂಡ ಗೋಡೆಗಳಿಗೆ ಆ ನಕಾಶೆಯು ಬಹುಮಟ್ಟಿಗೆ ಹೊಂದುತ್ತದೆ. ಹೊಲದ ಅಳತೆ ತಪ್ಪಿದರೆ ಒಬ್ಬನ ಅನ್ನಕ್ಕೆ ಕುತ್ತು; ಆದುದರಿಂದ ಅಲ್ಲಿ ಊಹೆಗೆ ಎಡೆಯಿರಲಿಲ್ಲ.

ಇನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿರುವ ಜಗತ್ತಿನ ಭೂಪಟವನ್ನು ನೋಡಿರಿ. ಕ್ರಿ. ಪೂ. 6ನೆಯ ಶತಮಾನದ ಸುಮಾರಿನ ಈ ಹಲಗೆಯ ಎತ್ತರ ಸುಮಾರು 12 ಸೆಂಟಿಮೀಟರ್, ಅಗಲ 8. ಭೂಮಿಯು ಅದರಲ್ಲಿ ಒಂದು ದುಂಡು ವೃತ್ತ. ಒಳಗೆ ಯುಫ್ರೇಟಿಸ್ ನದಿ. ಅದರ ಮೇಲೆ ಅಡ್ಡಲಾಗಿ, ಎಲ್ಲಕ್ಕಿಂತ ದೊಡ್ಡದಾಗಿ, ಬೇಬಿಲೋನ್ ನಗರ. ಅಸ್ಸೀರಿಯ ಮೊದಲಾದ ನೆರೆನಾಡುಗಳಿಗೆ ಪುಟ್ಟ ಪುಟ್ಟ ಗುರುತುಗಳು. ಸುತ್ತಲೂ ಕಹಿನೀರಿನ ಕಡಲು. ಕಡಲಿನಾಚೆ ತ್ರಿಕೋಣಗಳಂತೆ ಚಾಚಿದ ದೂರದ ಪ್ರದೇಶಗಳು. ಅವುಗಳಲ್ಲೊಂದರಲ್ಲಿ ಸೂರ್ಯನೇ ಕಾಣುವುದಿಲ್ಲವೆಂದು ಬರೆದಿದೆ! ಒಡೆದಿದ್ದ ಈ ಹಲಗೆಯ ಒಂದು ಚೂರು ಅದೇ ಮ್ಯೂಸಿಯಮಿನ ಸಂಗ್ರಹದಲ್ಲಿ ಗುರುತು ಸಿಕ್ಕದೆ ಬಿದ್ದಿತ್ತು. 1995ರಲ್ಲಿ ಅದನ್ನು ಗುರುತಿಸಿ ಮೂಲಕ್ಕೆ ಜೋಡಿಸಿದರು.

ಹೊಲವನ್ನು ಅಷ್ಟು ನಿಖರವಾಗಿ ಅಳೆದ ನಾಡಿನವರೇ ಜಗತ್ತನ್ನು ಹೀಗೇಕೆ ಬರೆದರು? ಕಾಲು ನಡೆದಷ್ಟು ನೆಲವನ್ನು ಹಗ್ಗ ಹಿಡಿದು ಅಳೆದರು. ನಡೆಯದ ನೆಲವನ್ನು ಕೇಳಿದ ಕಥೆಗಳಿಂದ ತುಂಬಿದರು. ತಮ್ಮ ಊರನ್ನು ನಡುವೆ ಇಟ್ಟರು. ಇದು ಅವರೊಬ್ಬರ ದೋಷವಲ್ಲ, ಮನುಷ್ಯಸ್ವಭಾವ. ಆದುದರಿಂದ ಯಾವ ಭೂಪಟವನ್ನು ನೋಡಿದರೂ ಇದನ್ನು ಬರೆದವನು ಎಲ್ಲಿ ನಿಂತಿದ್ದನು, ಯಾವುದನ್ನು ಅಳೆದನು, ಯಾವುದನ್ನು ಬರಿದೆ ಕೇಳಿ ಬರೆದನು ಎಂದು ವಿಚಾರಿಸಬೇಕು.

ನಿಮ್ಮಲ್ಲನೇಕರು ಈ ನಗರದಲ್ಲಿಯೇ ಹುಟ್ಟಿದವರು. ತಂದೆತಾಯಿಗಳ ಊರು ನಿಮಗೆ ಕಡಲಿನಾಚೆಯ ತ್ರಿಕೋಣದಂತೆಯೇ ಇದೆ. ಬರುವ ರಜೆಯಲ್ಲಿ ಅಲ್ಲಿಗೆ ಹೋಗುವ ಅವಕಾಶ ದೊರೆತರೆ, ಬಸ್ಸು ಇಳಿದಲ್ಲಿಂದ ಅಜ್ಜನ ಮನೆಯ ಬಾಗಿಲವರೆಗೆ ಹೆಜ್ಜೆಗಳನ್ನು ಎಣಿಸಿರಿ; ಕೆರೆ, ಗುಡಿ, ಬಾವಿಗಳನ್ನು ಗುರುತಿಸಿಕೊಳ್ಳಿರಿ. ತೆಂಗಿನಮರಗಳು ಎರಡೇ ಇವೆಯೋ ಹೆಚ್ಚಿವೆಯೋ ಎಂದು ಆಗ ಬರೆದು ತನ್ನಿರಿ.