ಸ್ಟಿಲ್ಟಿನಲ್ಲೊಂದು ಹದಿನೈದು ಆಂಪಿಯರ್ ಪಾಯಿಂಟ್

ಎರಡನೇ ಮಹಡಿಯ ಬಾಲ್ಕನಿಯಿಂದ ಹಳದಿ ಎಕ್ಸ್‌ಟೆನ್ಷನ್ ವೈರೊಂದು ಕೆಳಗಿಳಿದಿದೆ. ತುಳಸಿ ಕುಂಡದ ಪಕ್ಕದಿಂದ ಹೊರಟು, ಮೊದಲ ಮಹಡಿಯವರು ಒಣಹಾಕಿದ ಪಂಚೆಯನ್ನು ಸವರಿಕೊಂಡು, ಕಾಂಪೌಂಡಿಗೆ ಒರಗಿ ನಿಂತ ಎಲೆಕ್ಟ್ರಿಕ್ ಸ್ಕೂಟರಿನ ಸೀಟಿನಡಿ ಸೇರಿಕೊಂಡಿದೆ. ನಡುವಿನ ಜಾಯಿಂಟಿಗೆ ಟೇಪು ಸುತ್ತಿ, ಮಳೆ ಬಂದೀತೆಂದು ಮೇಲೊಂದು ಪ್ಲಾಸ್ಟಿಕ್ ಕವರು ಕಟ್ಟಿದ್ದಾರೆ. ಬೆಂಗಳೂರಿನ ಬನಶಂಕರಿ, ಉತ್ತರಹಳ್ಳಿ, ಜೆ.ಪಿ. ನಗರದ ಕೊನೆಯ ಹಂತಗಳಲ್ಲಿ ಸಂಜೆ ಏಳರ ಮೇಲೆ ನಡೆದುಹೋಗುವವರಿಗೆ ಇಂಥ ವೈರುಗಳು ಕಣ್ಣಿಗೆ ಬೀಳುತ್ತವೆ. ನೋಡಿದಾಗೆಲ್ಲ ಎದೆ ಝಲ್ಲೆನ್ನುತ್ತದೆ. ಆದರೆ ಆ ಮನೆಯವರ ಮೇಲೆ ಸಿಟ್ಟು ಬರುವುದಿಲ್ಲ. ಕಂತು ಕಟ್ಟುತ್ತಿರುವ ಗಾಡಿ, ಬೆಳಗ್ಗೆ ಎದ್ದರೆ ಕೆಲಸ, ಕೆಳಗೆ ಪ್ಲಗ್ ಪಾಯಿಂಟ್ ಇಲ್ಲ. ಇನ್ನೇನು ಮಾಡಿಯಾರು?

ಅದೇ ರಸ್ತೆಯ ತಿರುವಿನಲ್ಲಿ ಇಪ್ಪತ್ತನಾಲ್ಕು ಮನೆಗಳ ಅಪಾರ್ಟ್‌ಮೆಂಟ್. ಶನಿವಾರ ಮಧ್ಯಾಹ್ನ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಲು ಎಲೆಕ್ಟ್ರಿಷಿಯನ್ ಏಣಿ ಹತ್ತಿದ್ದಾರೆ. ಡ್ರಿಲ್ಲಿನ ಸದ್ದಿಗೆ ಪಾರಿವಾಳಗಳು ಹಾರಿಹೋಗಿವೆ, ಕಾಂಕ್ರೀಟಿನ ಪುಡಿ ಉದುರುತ್ತಿದೆ. ಕಾರುಗಳ ಮೇಲೆ ಯಾರೋ ಹಳೇ ಬೆಡ್‌ಶೀಟು ಹೊದಿಸಿದ್ದಾರೆ. ಏಣಿ ಹಿಡಿದ ಹುಡುಗ ಮೇಲಿನಿಂದ ಬರುವ ಒಗ್ಗರಣೆಯ ಘಮಕ್ಕೆ ಒಮ್ಮೊಮ್ಮೆ ತಲೆಯೆತ್ತುತ್ತಾನೆ. ಲಿಫ್ಟಿನ ಹಿಂದೆ ಮೀಟರ್ ಕೋಣೆ; ಬೆಸ್ಕಾಂ ಮೀಟರುಗಳು ಎರಡು ಸಾಲಾಗಿ ಕೂತಿವೆ. ಒಂದೊಂದರ ಕೆಂಪು ದೀಪ ಒಂದೊಂದು ಗತಿಯಲ್ಲಿ ಮಿನುಗುತ್ತದೆ. ಗೀಸರ್ ಹಾಕಿದ ಮನೆಯದು ಬೇಗ ಬೇಗ, ಬೀಗ ಹಾಕಿ ಊರಿಗೆ ಹೋದವರದು ಯಾವಾಗಲೋ ಒಮ್ಮೆ. ಅಲ್ಲಿಂದ ಹೊರಟ ಪೈಪುಗಳು ಸೀಲಿಂಗಿನುದ್ದಕ್ಕೂ ಸಾಗಿ ಅವರವರ ಗಾಡಿ ನಿಲ್ಲುವ ಕಂಬಗಳಲ್ಲಿ ಇಳಿಯಬೇಕು.

"ಅಣ್ಣಾ, ಎರಡೂವರೆ ಸ್ಕ್ವೇರ್ ಎಂಎಂ ವೈರೇ ಸಾಕಲ್ವಾ? ನಂದು ಸ್ಕೂಟರ್ ತಾನೇ?" ಎಂದು ಮೊದಲ ಮಹಡಿಯ ಯುವಕ ಕೇಳುತ್ತಾನೆ.

"ಇವತ್ತು ಸ್ಕೂಟರ್ ಸಾರ್. ನಾಳೆ ಕಾರ್ ತಗೊಂಡ್ರೆ ಇದೇ ಪಾಯಿಂಟಿಗೆ ಚುಚ್ತೀರ. ಅದು ಗಂಟೆಗಟ್ಲೆ ಒಂದೇ ಸಮ ಎಳೆಯುತ್ತೆ, ವೈರ್ ಬಿಸಿ ಆಗ್ಬಾರ್ದು. ನಾಲ್ಕು ಸ್ಕ್ವೇರ್ ಹಾಕ್ಬಿಡೋಣ. ಒಂದು ಮಾತು, ಅರ್ತ್ ಸರಿಯಿಲ್ದೆ ನಾನು ಪಾಯಿಂಟ್ ಕೊಡಲ್ಲ."

ಆ ಮಾತಿಗೆ ಅವರು ಅಂಟಿಕೊಂಡೇ ಇದ್ದಾರೆ. ಹಿಂದಿನ ದಿನವೇ ಕಟ್ಟಡದ ಹಳೇ ಅರ್ತ್ ಪಿಟ್ಟಿನ ಮುಚ್ಚಳ ತೆಗೆಸಿ, ಇದ್ದಿಲು, ಉಪ್ಪು ತುಂಬಿಸಿ, ನೀರು ಹಾಕಿಸಿದ್ದಾರೆ. ಪ್ರತಿ ಪಾಯಿಂಟಿಗೂ ಬೇರೆ ಎಂಸಿಬಿ, ಜೊತೆಗೆ 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿದುಹಾಕುವ ಆರ್‌ಸಿಸಿಬಿ. ಒದ್ದೆ ಕೈಯಲ್ಲಿ ಮಗುವೊಂದು ಗಾಡಿ ಮುಟ್ಟಿದರೆ ಜೀವ ಉಳಿಸುವುದು ಇದೇ ಪುಟ್ಟ ಡಬ್ಬಿ. ಹಣ ಉಳಿಸಲು ಜಾಗ ಬೇಕಿದ್ದರೆ ಬೇರೆಡೆ ಹುಡುಕಲಿ, ಇಲ್ಲಿ ಬೇಡ.

ಹಣ ಉಳಿಯುವ ಜಾಗ ನಿಜಕ್ಕೂ ಬೇರೆಡೆಯೇ ಇದೆ. ಗೋಡೆಗೆ ದೊಡ್ಡ ಚಾರ್ಜರ್ ಹಾಕದಿದ್ದರೆ ಎಲೆಕ್ಟ್ರಿಕ್ ಗಾಡಿ ಸಾಕಲಾಗದು ಎಂಬ ಭಯ ಜನರ ತಲೆಯಲ್ಲಿ ಕೂತಿದೆ. 7.4 ಕಿಲೋವ್ಯಾಟಿನ ಅಂಥ ಪೆಟ್ಟಿಗೆಯನ್ನು ಇಪ್ಪತ್ತನಾಲ್ಕು ಮನೆಯವರೂ ಹಾಕಿಸಿಕೊಂಡು ಒಟ್ಟಿಗೆ ಬಳಸಿದರೆ ಬೇಡಿಕೆ 177 ಕಿಲೋವ್ಯಾಟ್ ದಾಟುತ್ತದೆ. ಹೊಸ ಟ್ರಾನ್ಸ್‌ಫಾರ್ಮರಿನ ಮಾತು ಬರುತ್ತದೆ. ನಮ್ಮ ಅಡುಗೆಮನೆಯ ಹದಿನೈದು ಆಂಪಿಯರ್ ಪ್ಲಗ್ಗು 230 ವೋಲ್ಟಿನಲ್ಲಿ ಕೊಡಬಲ್ಲದ್ದು ಸುಮಾರು 3.4 ಕಿಲೋವ್ಯಾಟ್. ಸ್ಕೂಟರಿನ ಮಾಮೂಲಿ ಚಾರ್ಜರಿಗೆ ಒಂದು ಕಿಲೋವ್ಯಾಟೂ ಬೇಡ, ಇಸ್ತ್ರಿ ಪೆಟ್ಟಿಗೆಯಷ್ಟೇ ಸಾಕು. ಕಾರು ಊರೊಳಗೆ ದಿನಕ್ಕೆ ಮೂವತ್ತೈದು ಕಿಲೋಮೀಟರ್ ಓಡಿತೆನ್ನಿ. ಐದಾರು ಯೂನಿಟ್ ತುಂಬಿಸಿದರೆ ಮುಗಿಯಿತು. ಮೂರು ಕಿಲೋವ್ಯಾಟಿನಲ್ಲಿ ಅದು ಎರಡು ಗಂಟೆಯ ಕೆಲಸ, ಒಂದು ಕಿಲೋವ್ಯಾಟಿನಲ್ಲಾದರೂ ಆರು ಗಂಟೆ. ರಾತ್ರಿ ಹನ್ನೊಂದಕ್ಕೆ ಟಿವಿ, ಇಂಡಕ್ಷನ್ ಒಲೆ ಎಲ್ಲ ಆರಿರುತ್ತವೆ. ಗಾಡಿ ಹೇಗೂ ಬೆಳಗಿನ ತನಕ ನಿಂತೇ ಇರುತ್ತದೆ. ಆತುರ ಯಾರಿಗೆ?

ಇದನ್ನು ಮನಗಂಡೇ 2021ರಲ್ಲಿ ಭಾರತೀಯ ಮಾನಕ ಬ್ಯೂರೋ ಮೂರು ಕಿಲೋವ್ಯಾಟ್‌ವರೆಗಿನ ಅಗ್ಗದ ಚಾರ್ಜಿಂಗ್ ಪಾಯಿಂಟಿಗೊಂದು ಮಾನದಂಡ ತಂದಿತು. ಮೊಬೈಲಿನಿಂದ ಚಾಲೂ ಮಾಡಿ ಲೆಕ್ಕ ಇಡುವ ಈ ಪೆಟ್ಟಿಗೆ ಮೂರೂವರೆ ಸಾವಿರ ರೂಪಾಯಿಯೊಳಗೆ ಸಿಗಬೇಕೆಂಬುದು ಆಗಿನ ಗುರಿ. ಮನೆಯ ಸಂಪರ್ಕದಿಂದಲೇ ಗಾಡಿ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಒಪ್ಪಿಗೆಯಿದೆ. ಬೇಕಾದವರು ಅದಕ್ಕೆಂದೇ ಬೇರೆ ಸಂಪರ್ಕ ಪಡೆಯಬಹುದೆಂದು ವಿದ್ಯುತ್ ಗ್ರಾಹಕರ ನಿಯಮಗಳ 2024ರ ತಿದ್ದುಪಡಿ ಹೇಳುತ್ತದೆ. ಬೆಸ್ಕಾಂನಲ್ಲಿ ಅದಕ್ಕೆ ಪ್ರತ್ಯೇಕ ದರಪಟ್ಟಿಯೂ ಇದೆ.

ಇಷ್ಟಾದರೂ ಕೆಲಸಕ್ಕೆ ಮುನ್ನ ನಡೆದ ಅಸೋಸಿಯೇಷನ್ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಚರ್ಚೆಯಾಯಿತು. ಟೆರೇಸಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರಿಗೆ ಹೆಚ್ಚು ಕಾಡಿದ್ದು ಬೆಂಕಿಯಲ್ಲ, ಗೃಹಜ್ಯೋತಿ. ರಾಜ್ಯ ಸರ್ಕಾರದ ಈ ಯೋಜನೆಯಡಿ ಹಿಂದಿನ ಬಳಕೆಯ ಸರಾಸರಿಯ ಲೆಕ್ಕದಲ್ಲಿ ಸಿಗುವ ಉಚಿತ ವಿದ್ಯುತ್ತು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಕೈತಪ್ಪುತ್ತದೆ. ಸ್ಕೂಟರಿಗೆ ತಿಂಗಳಿಗೆ ಮೂವತ್ತು ಯೂನಿಟ್ ಸೇರಿದರೆ ತಡೆದುಕೊಳ್ಳಬಹುದು. ಕಾರಿನ ನೂರೈವತ್ತು ಸೇರಿದರೆ ಗೆರೆ ದಾಟಿದ ಹಾಗೇ. ನಾಲ್ಕನೇ ಮಹಡಿಯ ಅಜ್ಜಿಯೊಬ್ಬರು, "ನನ್ನ ಮೀಟರಿಗೆ ಬರದಿದ್ರೆ ಸಾಕಪ್ಪ" ಎಂದರು. ಅವರ ಚಿಂತೆ ನ್ಯಾಯವಾದದ್ದು. ಕಾರಿನವರು ಬೇರೆ ಸಂಪರ್ಕ ಪಡೆಯುವುದು, ಸ್ಕೂಟರಿನವರು ಮನೆಯ ಮೀಟರಿನಿಂದ ಎಳೆದುಕೊಳ್ಳುವುದು, ಕಾಮನ್ ಲೈಟಿನ ಮೀಟರನ್ನು ಯಾರೂ ಮುಟ್ಟದಿರುವುದು ಎಂದು ಕಾರ್ಯದರ್ಶಿ ಬರೆದುಕೊಂಡರು.

ಪಾರ್ಕಿಂಗ್ ಜಾಗವೇ ಇಲ್ಲದ ಬಾಡಿಗೆಯವರು ಉಳಿದರು. ಅವರ ಗಾಡಿ ಗೇಟಿನ ಹೊರಗೆ ನಿಲ್ಲುತ್ತದೆ. ಹತ್ತು ತಿಂಗಳಲ್ಲಿ ಮನೆ ಖಾಲಿ ಮಾಡುವವರು ವೈರಿಂಗಿಗೆ ಸಾವಿರಾರು ರೂಪಾಯಿ ಸುರಿಯುವುದೂ ಕಷ್ಟ, ಓನರ್ ಕೊಡುವುದೂ ಅಪರೂಪ. ಏಣಿಯಿಂದ ಇಳಿದ ಎಲೆಕ್ಟ್ರಿಷಿಯನ್ ಕೈ ಒರೆಸಿಕೊಳ್ಳುತ್ತ ವಾಚ್‌ಮನ್ ಕೋಣೆಯ ಗೋಡೆ ತೋರಿಸುತ್ತಾರೆ: "ಸಾರ್, ಇಲ್ಲಿ ಎರಡು ಪಾಯಿಂಟ್, ಒಂದು ಸಬ್‌ಮೀಟರ್. ಬಾಡಿಗೆಯವರೂ ಹಾಕ್ಕೊಳ್ಲಿ, ಮನೆಗೆಲ್ಸಕ್ಕೆ ಬರೋ ಅಕ್ಕನ ಸ್ಕೂಟರ್ರೂ ಹಾಕ್ಕೊಳ್ಲಿ. ಉರಿಸಿದಷ್ಟು ದುಡ್ಡು ಕೊಡ್ತಾರೆ." ಕಾರ್ಯದರ್ಶಿ ಗೋಡೆಯ ಅಳತೆ ತೆಗೆಸುತ್ತಾರೆ. ಮೇಲ್ಛಾವಣಿಗೆ ಒಂದು ಶೀಟು ಬೇಕು, ಖರ್ಚು ಯಾವ ಬಾಬ್ತಿನಿಂದ ಎಂಬುದು ಮುಂದಿನ ಮೀಟಿಂಗಿನ ಮೊದಲ ವಿಷಯ.